ಪ್ರವಾಹ ಶುರುವಾಗುವುದು ಪರ್ಚೇಸ್ ಆರ್ಡರಿನಲ್ಲಿ

2022ರ ಆಗಸ್ಟ್ 30ರ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆ ಹೊಳೆಯಾಗಿ ಹರಿಯಿತು. ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದು ಲೆಕ್ಕ ಒಪ್ಪಿಸಿತು: ನೌಕರರು ಐದು ತಾಸು ರಸ್ತೆಯಲ್ಲೇ ಸಿಕ್ಕಿಬಿದ್ದರು, ಆ ಒಂದು ದಿನದ ನಷ್ಟ 225 ಕೋಟಿ ರೂಪಾಯಿ. ವಾರ ತುಂಬುವ ಮೊದಲೇ, ಸೆಪ್ಟೆಂಬರ್ 4ರ ರಾತ್ರಿ, ನಗರದ ಮೇಲೆ ಮತ್ತೆ ಸುಮಾರು 130 ಮಿಲಿಮೀಟರ್ ಮಳೆ ಸುರಿಯಿತು. ಲ್ಯಾಪ್‌ಟಾಪ್ ಚೀಲ ಹೊತ್ತು ಟ್ರ್ಯಾಕ್ಟರಿನಲ್ಲಿ ನಿಂತು ಆಫೀಸಿಗೆ ಹೊರಟ ಇಂಜಿನಿಯರುಗಳ ಚಿತ್ರವನ್ನು ಜಗತ್ತೆಲ್ಲ ನೋಡಿತು. ಅವತ್ತಿನಿಂದ ಒಂದು ತೀರ್ಪು ಈ ಊರಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಕಂಪನಿಗಳು ನೊಂದವರು, ಸರ್ಕಾರ ಅಪರಾಧಿ. ಕಂಪನಿಗಳು ತಮ್ಮ ಪಾಲಿನ ಕೆಲಸ ಮಾಡಿಕೊಂಡಿವೆಯಂತೆ. ಅವರ ಬಳಿ ಬಿಸಿಪಿ ಇದೆ, ಅಂದರೆ ಬಿಸಿನೆಸ್ ಕಂಟಿನ್ಯುಟಿ ಪ್ಲಾನ್. ವಿಮೆ ಇದೆ, ಬೇರೆ ಊರಿನಲ್ಲಿ ಇನ್ನೊಂದು ಡೇಟಾ ಸೆಂಟರ್ ಇದೆ, ಮಳೆ ಬಂದರೆ ವರ್ಕ್ ಫ್ರಮ್ ಹೋಮ್ ಇದೆ. ಇನ್ನು ಅವರಿಂದ ಏನು ಕೇಳಬೇಕು?

ಈ ತೀರ್ಪನ್ನು ಪತ್ರಿಕೆಗಳು ಒಪ್ಪಿವೆ, ಮಂತ್ರಿಗಳು ತಲೆ ತಗ್ಗಿಸಿ ಒಪ್ಪಿದ್ದಾರೆ, ಆ ಕಂಪನಿಗಳಲ್ಲಿ ದುಡಿಯುವ ನಮ್ಮ ಮಕ್ಕಳೂ ಒಪ್ಪಿದ್ದಾರೆ. ಇದು ಸುಳ್ಳು ತೀರ್ಪು, ಕೇಡಿನ ತೀರ್ಪು. ಕಂಪನಿಯೊಂದು ಅನಾಹುತವನ್ನು ತಡೆದುಕೊಳ್ಳುತ್ತದೋ ಇಲ್ಲವೋ ಎಂಬುದು ಅದರ ಬಿಸಿಪಿ ಕಡತದಲ್ಲಿ ತೀರ್ಮಾನವಾಗುವುದಿಲ್ಲ. ಅದು ತೀರ್ಮಾನವಾಗುವುದು ಪರ್ಚೇಸ್ ಡಿಪಾರ್ಟ್‌ಮೆಂಟಿನಲ್ಲಿ: ಯಾವ ಜಾಗವನ್ನು ಬಾಡಿಗೆಗೆ ಹಿಡಿದರು, ನೀರನ್ನು ಯಾರಿಂದ ಕೊಂಡರು, ನೆಲ ಒರೆಸುವವಳನ್ನು ಎಷ್ಟಕ್ಕೆ ಗೊತ್ತು ಮಾಡಿಕೊಂಡರು, ಬಿಲ್ಲನ್ನು ಎಷ್ಟು ದಿನಕ್ಕೆ ಪಾವತಿಸಿದರು ಎಂಬಲ್ಲಿ. ಅಲ್ಲಿ ಇವತ್ತು ಆಳುತ್ತಿರುವುದು ಒಂದೇ ಒಂದು ಸೂತ್ರ. ಎಲ್-1. ಯಾರ ದರ ಎಲ್ಲರಿಗಿಂತ ಕಡಿಮೆಯೋ ಅವರಿಗೆ ಆರ್ಡರ್. ಈ ಸೂತ್ರವೇ ಪ್ರವಾಹವನ್ನೂ ಬರವನ್ನೂ ಕೊಂಡು ತಂದು ಕಂಪನಿಯ ಗೇಟಿನೊಳಗೆ ಇಳಿಸುತ್ತಿದೆ ಎಂಬುದು ನನ್ನ ಆರೋಪ. ಸರ್ಕಾರದ ತಪ್ಪುಗಳನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರು ಮುಟ್ಟದೆ ಬಿಟ್ಟಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಾಗದ ಮಾತು. ಸಂಬಳ ಬಿಟ್ಟರೆ ಐಟಿ ಕಂಪನಿಯೊಂದು ಕೊಳ್ಳುವ ದೊಡ್ಡ ವಸ್ತುಗಳಲ್ಲಿ ಒಂದು ಅದರ ಕಚೇರಿಯ ಜಾಗ. ಅದನ್ನು ಹಿಡಿಯುವಾಗ ಚದರಡಿಗೆ ಎಷ್ಟು ಎಂದು ಕೇಳುತ್ತಾರೆ, ಮೆಟ್ರೋ ಎಷ್ಟು ದೂರ, ಎಷ್ಟು ಕಾರು ನಿಲ್ಲುತ್ತವೆ ಎಂದು ಕೇಳುತ್ತಾರೆ, ಪ್ಲಾಟಿನಮ್ ಹಸಿರು ಪ್ರಮಾಣಪತ್ರ ಇದೆಯೇ ಎಂದೂ ಕೇಳುತ್ತಾರೆ. ಕಟ್ಟಡದ ಸರ್ವೆ ನಂಬರು ಯಾವುದು, ಗ್ರಾಮನಕ್ಷೆಯಲ್ಲಿ ಅದರ ಮೇಲೆ ರಾಜಕಾಲುವೆ ಹಾದುಹೋಗಿದೆಯೇ, ಮಗ್ಗುಲಿನ ಕೆರೆ ಕೋಡಿ ಬಿದ್ದರೆ ನೀರು ಎತ್ತ ಹರಿಯಬೇಕು ಎಂದು ಕೇಳುವವರು ಯಾರು? ಗ್ರಾಮನಕ್ಷೆ ಗುಟ್ಟಿನ ಕಾಗದವೇನಲ್ಲ. ಕಂದಾಯ ಇಲಾಖೆಯಲ್ಲಿ ಯಾರು ಕೇಳಿದರೂ ಸಿಗುತ್ತದೆ. ಸಾವಿರಾರು ಕೋಟಿ ವಹಿವಾಟಿನ ಕಂಪನಿಗೆ, ಕಾನೂನು ಸಲಹೆಗಾರರ ದಂಡನ್ನೇ ಇಟ್ಟುಕೊಂಡ ಕಂಪನಿಗೆ, ಅದನ್ನು ತರಿಸಿ ನೋಡುವುದು ಕಷ್ಟವೇ? ನೋಡಿಲ್ಲ, ಏಕೆಂದರೆ ನೋಡಿದರೆ ಬಾಡಿಗೆ ಅಗ್ಗದ ಜಾಗವನ್ನು ಬಿಡಬೇಕಾಗುತ್ತದೆ.

ಬೆಂಗಳೂರಿನ ಮಳೆನೀರು ನಿರ್ವಹಣೆಯ ಬಗ್ಗೆ ಮಹಾಲೇಖಪಾಲರು 2021ರಲ್ಲಿ ಕೊಟ್ಟ ವರದಿ ಎಲ್ಲರ ಕಣ್ಣಮುಂದಿದೆ. 1900ರ ಆಸುಪಾಸಿನಲ್ಲಿ ಕೋರಮಂಗಲ ಕಣಿವೆಯಲ್ಲಿ 113 ಕಿಲೋಮೀಟರ್ ಉದ್ದವಿದ್ದ ಕಾಲುವೆ 2016-17ರ ಹೊತ್ತಿಗೆ 63 ಕಿಲೋಮೀಟರಿಗೆ ಇಳಿದಿತ್ತು. ವೃಷಭಾವತಿ ಕಣಿವೆಯಲ್ಲಿ 226 ಇದ್ದದ್ದು 112 ಆಗಿತ್ತು. ಉಳಿದ ಕಾಲುವೆಗಳು ಎಲ್ಲಿ ಹೋದವು? ಅವುಗಳ ಮೇಲೆ ಬಡಾವಣೆಗಳು ನಿಂತಿವೆ, ಅಪಾರ್ಟ್‌ಮೆಂಟುಗಳು ನಿಂತಿವೆ, ಗಾಜಿನ ಕಟ್ಟಡಗಳೂ ನಿಂತಿವೆ. 2022ರ ಮಳೆಯ ನಂತರ ಬಿಬಿಎಂಪಿ ತಯಾರಿಸಿದ ಒತ್ತುವರಿ ಪಟ್ಟಿಯಲ್ಲಿ ಟೆಕ್ ಪಾರ್ಕುಗಳ ಹೆಸರೂ ಇದ್ದವು. ಕೆರೆಯಂಚಿನಿಂದ 75 ಮೀಟರ್ ಜಾಗ ಖಾಲಿ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿದಾಗ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. 2019ರಲ್ಲಿ ಆ ಆದೇಶ ಬಿದ್ದುಹೋಯಿತು. ಕಟ್ಟುವವರು ತಮ್ಮ ಲಾಭಕ್ಕಾಗಿ ಹೋರಾಡಿದರು, ಅದು ಅರ್ಥವಾಗುತ್ತದೆ. ಆ ಕಟ್ಟಡಗಳನ್ನು ಹಿಡಿಯಲಿದ್ದ ಕಂಪನಿಗಳು ಏನು ಮಾಡುತ್ತಿದ್ದವು? ಕೆರೆಯಂಚಿನಲ್ಲಿ ಕಟ್ಟಿದ ಜಾಗವನ್ನು ನಾವು ಬಾಡಿಗೆಗೆ ಹಿಡಿಯುವುದಿಲ್ಲ ಎಂದು ಹೊರವರ್ತುಲ ರಸ್ತೆಯ ದೊಡ್ಡ ಕಂಪನಿಗಳು ಒಟ್ಟಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತಿಗೆ ಯಾವ ನ್ಯಾಯಾಲಯದ ಅಪ್ಪಣೆಯೂ ಬೇಕಿರಲಿಲ್ಲ. ಗಿರಾಕಿ ಬೇಡವೆಂದ ಕಟ್ಟಡವನ್ನು ಯಾವ ಬಿಲ್ಡರ್ ಕಟ್ಟುತ್ತಾನೆ?

ಅದರ ಬದಲು, ನೀರು ಹರಿಯುವ ದಾರಿಯಲ್ಲೇ ಕೂತವರು ನೀರು ಬಂತೆಂದು ಪತ್ರ ಬರೆದರು. ಆ 225 ಕೋಟಿಯ ಲೆಕ್ಕದಲ್ಲಿ ತಮ್ಮ ಬಾಡಿಗೆ ಕರಾರುಗಳ ಪಾಲು ಎಷ್ಟು ಎಂಬ ಸಾಲು ಇರಲಿಲ್ಲ. 2024ರ ಅಕ್ಟೋಬರಿನಲ್ಲಿ ನಾಗವಾರದ ಕಡೆಯ ದೊಡ್ಡ ಟೆಕ್ ಪಾರ್ಕಿನೊಳಗೆ ನೀರು ನುಗ್ಗಿದಾಗಲೂ ಅದೇ ಆಕ್ರೋಶ, ಅದೇ ಬೆರಳು ಅದೇ ದಿಕ್ಕಿಗೆ.

ಈಗ ನೀರನ್ನು ಕೊಳ್ಳುವ ಬಗೆ. ನನ್ನ ಸಿಟ್ಟಿನ ದೊಡ್ಡ ಭಾಗ ಇರುವುದೇ ಇಲ್ಲಿ.

ಬೆಂಗಳೂರಿನ ಪೂರ್ವ ಅಂಚಿನ ಯಾವುದಾದರೂ ಟೆಕ್ ಪಾರ್ಕಿನ ಹಿಂದಿನ ಗೇಟಿಗೆ ಬೆಳಗಿನ ಜಾವ ಹೋಗಿ ನಿಂತು ನೋಡಿ. ಮುಂದಿನ ಗೇಟಿನಲ್ಲಿ ಹುಲ್ಲುಹಾಸು, ಕಾರಂಜಿ. ಹಿಂದಿನ ಗೇಟಿನಲ್ಲಿ ಟ್ಯಾಂಕರುಗಳ ಸಾಲು. ಸೆಕ್ಯುರಿಟಿಯವನು ಲಾರಿ ನಂಬರು ಬರೆದುಕೊಳ್ಳುತ್ತಾನೆ, ಒಂದು ಕೋಲಿನಿಂದಲೋ ಕಣ್ಣಂದಾಜಿನಲ್ಲೋ ತೊಟ್ಟಿ ತುಂಬಿದೆಯೇ ನೋಡುತ್ತಾನೆ, ಚಲನ್ನಿನ ಮೇಲೆ ಸೀಲು ಒತ್ತುತ್ತಾನೆ. ಕ್ಲೀನರ್ ಹುಡುಗ ಇಳಿದು ದಪ್ಪ ಪೈಪನ್ನು ಸಂಪಿಗೆ ಬಿಡುತ್ತಾನೆ. ಹನ್ನೆರಡು ಸಾವಿರ ಲೀಟರ್, ಒಂದು ಲೋಡು. ಮುಂದಿನ ಲಾರಿ. ಆ ಚಲನ್ನಿನಲ್ಲಿ ಲಾರಿ ನಂಬರಿದೆ, ಲೋಡಿನ ಸಂಖ್ಯೆಯಿದೆ, ಸಮಯವಿದೆ. ನೀರು ಯಾವ ಊರಿನದು ಎಂದು ಕೇಳುವ ಅಂಕಣ ಅಲ್ಲಿಲ್ಲ. ಯಾವ ಕೊಳವೆಬಾವಿ, ಅದು ನೋಂದಣಿಯಾಗಿದೆಯೇ, ಎಷ್ಟು ಅಡಿ ಆಳ, ಅದರ ಪಕ್ಕದ ಮನೆಯ ಬಾವಿ ಈ ಬೇಸಿಗೆಯಲ್ಲಿ ಬತ್ತಿತೇ, ಯಾವುದೂ ಇಲ್ಲ. ಬೇಸಾಯಕ್ಕೆಂದು 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ಈ ರಾಜ್ಯ ಉಚಿತವಾಗಿ ವಿದ್ಯುತ್ ಕೊಡುತ್ತದೆ. ಜನರ ತೆರಿಗೆಯ ಆ ವಿದ್ಯುತ್ತಿನಲ್ಲಿ ಮೇಲೆ ಬಂದ ನೀರು ತಮ್ಮ ಸಂಪಿಗೆ ಬೀಳುತ್ತಿದೆಯೇ ಎಂದು ವಿಚಾರಿಸಿದ ಪರ್ಚೇಸ್ ಮ್ಯಾನೇಜರ್ ಎಷ್ಟು ಜನ ಸಿಗುತ್ತಾರೆ?

ಈ ನೆಲ ಗಟ್ಟಿ ಬಂಡೆಯ ನೆಲ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬತ್ತುತ್ತದೆ. ಬೆಂಗಳೂರು ನಗರ, ಕೋಲಾರ ಜಿಲ್ಲೆಗಳ ಅಂತರ್ಜಲವನ್ನು ಮಿತಿಮೀರಿ ಬಳಸಲಾಗಿದೆ ಎಂದು ಕೇಂದ್ರ ಅಂತರ್ಜಲ ಮಂಡಳಿ ವರ್ಷವರ್ಷವೂ ಹೇಳುತ್ತಿದೆ. ಇದು ಗೊತ್ತಿದ್ದೂ, ಲೋಡಿಗೆ ಐವತ್ತು ರೂಪಾಯಿ ಕಡಿಮೆ ಹೇಳಿದವನಿಗೆ ವರ್ಷದ ಗುತ್ತಿಗೆ ಬರೆದುಕೊಡುವುದು ವ್ಯವಹಾರ ಜಾಣ್ಮೆಯೇ? ಆ ಐವತ್ತು ರೂಪಾಯಿ ಎಲ್ಲಿಂದ ಉಳಿಯಿತು? ಅವನು ಇನ್ನಷ್ಟು ಹತ್ತಿರದ, ಇನ್ನಷ್ಟು ಬಡವರ ಬಾವಿಯಿಂದ ಎತ್ತಿದ್ದರಿಂದ ಉಳಿಯಿತು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. 2024ರ ಮಾರ್ಚ್ ಹೊತ್ತಿಗೆ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಯೇ ಹೇಳಿದರು. ಟ್ಯಾಂಕರ್ ದರ ಅಂಕೆ ತಪ್ಪಿತು; ಐದು ಕಿಲೋಮೀಟರಿನೊಳಗೆ 12,000 ಲೀಟರಿನ ಲೋಡಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ಮಿತಿ ಹಾಕಬೇಕಾಯಿತು. ಆಗ ಕಂಪನಿಗಳ ಬಿಸಿಪಿ ಏನು ಹೇಳಿತು? ಎರಡನೇ ವೆಂಡರ್, ಮೂರನೇ ವೆಂಡರ್. ಅವರೂ ಅದೇ ಬಂಡೆಯ ಅದೇ ಬಿರುಕಿನಿಂದ ಎತ್ತುವವರು. ಪೂರೈಕೆದಾರರ ಪಟ್ಟಿಯಲ್ಲಿ ಮೂರು ಹೆಸರಿದ್ದ ಮಾತ್ರಕ್ಕೆ ಮೂರು ಮೂಲಗಳಿವೆ ಎಂದು ನಂಬಿ ಕೂತದ್ದನ್ನು ಸಿದ್ಧತೆ ಎಂದು ಹೇಗೆ ಕರೆಯುವುದು? ಅತ್ತ ದರ ಕೊಡಲಾಗದ ಬಾಡಿಗೆ ಮನೆಯ ಹೆಂಗಸರು ಕೊಡ ಹಿಡಿದು ಕುಡಿಯುವ ನೀರಿನ ಘಟಕಗಳ ಮುಂದೆ ಸಾಲು ನಿಂತಿದ್ದರು. ಕಂಪನಿ ಹೆಚ್ಚು ಕೊಟ್ಟು ಕೊಂಡ ಒಂದೊಂದು ಲೋಡೂ ಆ ಸಾಲಿನಿಂದ ಕಿತ್ತುಕೊಂಡ ಲೋಡು.

ಅದೇ ತಿಂಗಳು ಜಲಮಂಡಳಿ ಇನ್ನೊಂದು ಆದೇಶ ಹೊರಡಿಸಿತು. ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಅಳವಡಿಸುವುದು ಕಡ್ಡಾಯ. ನೀರಿನ ರಭಸ ತಗ್ಗಿಸುವ, ಬೆರಳ ತುದಿಯಷ್ಟು ಗಾತ್ರದ ಒಂದು ಜಾಲರಿ ಅದು. ಸುಸ್ಥಿರತೆಯ ಬಗ್ಗೆ ವರ್ಷಕ್ಕೊಂದು ದಪ್ಪ ವರದಿ ಅಚ್ಚು ಹಾಕಿಸುವ ಕಂಪನಿಗಳಿರುವ ಊರಿನಲ್ಲಿ ಅಂಥದೊಂದು ಜಾಲರಿಗೆ ಸರ್ಕಾರಿ ಆದೇಶ ಬೇಕಾಯಿತು! ನಾಡಿನ ಯಾವ ಅಜ್ಜಿಯೂ ಬರದ ವರ್ಷ ಹೇಳಿಸಿಕೊಂಡು ನೀರು ಉಳಿಸಿದವಳಲ್ಲ.

ಲೆಕ್ಕ ಬಲ್ಲವರಿಗೆ ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಎಕರೆ ತಾರಸಿ ಎಂದರೆ 4,047 ಚದರ ಮೀಟರ್. ಅದರ ಮೇಲೆ ಬೀಳುವುದು 39 ಲಕ್ಷ ಲೀಟರ್. ಐದರಲ್ಲಿ ಒಂದು ಪಾಲು ಸೋರಿ ಹೋಯಿತೆಂದರೂ 31 ಲಕ್ಷ ಲೀಟರ್ ಕೈಗೆ ಸಿಗುತ್ತದೆ. 12,000 ಲೀಟರಿನ 260 ಲೋಡು. ಒಂದು ಎಕರೆ ತಾರಸಿಗೆ ಇಷ್ಟು. ಹತ್ತಾರು ಎಕರೆ ತಾರಸಿಯ ಕ್ಯಾಂಪಸ್ಸುಗಳು ಈ ನೀರನ್ನು ಹಿಡಿಯದೆ ಬಿಟ್ಟರೆ ಅದು ಎಲ್ಲಿಗೆ ಹೋಗುತ್ತದೆ? ಹೊರವರ್ತುಲ ರಸ್ತೆಗೆ ಹೋಗುತ್ತದೆ. ಆಗಸ್ಟಿನಲ್ಲಿ ಗೇಟಿನಿಂದ ಹೊರಗೆ ತಳ್ಳಿದ ನೀರೇ ಪ್ರವಾಹ, ಮಾರ್ಚಿನಲ್ಲಿ ಲೋಡಿನ ಲೆಕ್ಕದಲ್ಲಿ ಕೊಳ್ಳುವ ನೀರೇ ಬರ. ಮಳೆಕೊಯ್ಲು ಈ ನಗರದಲ್ಲಿ 2009ರಿಂದ ಕಾನೂನು. ಕಾಗದದ ಮಟ್ಟಿಗೆ ಎಲ್ಲರೂ ಅದನ್ನು ಪಾಲಿಸಿದ್ದಾರೆ. ಮಳೆಗಾಲದಲ್ಲಿ ಆ ತೊಟ್ಟಿಗಳು ತುಂಬುತ್ತವೆಯೇ, ತುಂಬಿದ ನೀರು ಬಳಕೆಗೆ ಬರುತ್ತದೆಯೇ ಎಂಬುದರ ಲೆಕ್ಕ ಕೊಡುವವರು ಎಷ್ಟು ಮಂದಿ?

ಇನ್ನೊಂದು ಸಂಗತಿಯನ್ನು ಕೋಲಾರದವರು ಮರೆತಿಲ್ಲ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಮೂರನೇ ಹಂತದ ಶುದ್ಧೀಕರಣವಿಲ್ಲದ ನೀರು ನಮ್ಮ ಅಂತರ್ಜಲಕ್ಕೆ ಇಳಿಯುತ್ತಿದೆ ಎಂದು ಅಲ್ಲಿನ ಹೋರಾಟಗಾರರು ಅಂದಿನಿಂದಲೂ ಕೂಗುತ್ತಿದ್ದಾರೆ. ಶೌಚಾಲಯಕ್ಕೆ, ಎಸಿಯ ಕೂಲಿಂಗ್ ಟವರಿಗೆ, ಹುಲ್ಲುಹಾಸಿಗೆ ಧಾರಾಳವಾಗಿ ಸಾಕಾಗುವ ಈ ಸಂಸ್ಕರಿಸಿದ ನೀರನ್ನು ಟೆಕ್ ಪಾರ್ಕುಗಳೇ ಮೊದಲು ಕೊಳ್ಳಬೇಕಿತ್ತು. ಹಳ್ಳಿಯ ಸಿಹಿನೀರು ನಗರದ ಫ್ಲಶ್ಶಿಗೆ, ನಗರದ ಬಳಸಿದ ನೀರು ಹಳ್ಳಿಯ ಕೆರೆಗೆ. ಈ ಅದಲುಬದಲು ದಿನವೂ ನಮ್ಮ ಕಣ್ಣೆದುರೇ ನಡೆಯುತ್ತಿದೆ.

ಇದೆಲ್ಲ ವರದಿಗಳಲ್ಲಿ ಕಾಣುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಬಿಆರ್‌ಎಸ್‌ಆರ್ ಎಂಬ ಸುಸ್ಥಿರತೆಯ ವರದಿ ಕೊಡುವುದನ್ನು ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಆ ನಮೂನೆಯನ್ನು ಒಮ್ಮೆ ತೆರೆದು ನೋಡಿ. ನೀರಿನ ಮೂಲದ ಕೋಷ್ಟಕದಲ್ಲಿ ಮೇಲ್ಮೈ ನೀರಿಗೆ ಒಂದು ಸಾಲು, ಅಂತರ್ಜಲಕ್ಕೆ ಒಂದು ಸಾಲು, ಮೂರನೆಯವರಿಂದ ಪಡೆದ ನೀರಿಗೆ ಇನ್ನೊಂದು ಸಾಲು. ತನ್ನ ಕಾಂಪೌಂಡಿನೊಳಗಿನ ಕೊಳವೆಬಾವಿಯಿಂದ ಎತ್ತಿದರೆ ಅದು ಅಂತರ್ಜಲ. ಮೂರು ಕಿಲೋಮೀಟರ್ ಆಚೆಯ ಹಳ್ಳಿಯ ಕೊಳವೆಬಾವಿಯಿಂದ ಟ್ಯಾಂಕರ್ ಎತ್ತಿ ತಂದರೆ ಅದೇ ನೀರು ಮೂರನೆಯವರ ಸಾಲಿಗೆ ಸೇರುತ್ತದೆ. ಕಂಪನಿಯ ಅಂತರ್ಜಲದ ಸಾಲು ಹಗುರ, ಹಳ್ಳಿಯ ಬಾವಿ ಖಾಲಿ. ಬಿಸಿಪಿ ಮತ್ತು ವಿಪತ್ತು ನಿರ್ವಹಣೆಯ ಯೋಜನೆ ಇದೆಯೇ ಎಂಬ ಪ್ರಶ್ನೆಯೂ ಆ ನಮೂನೆಯಲ್ಲಿದೆ. ಅದು ಕಡ್ಡಾಯವಲ್ಲದ ಭಾಗದಲ್ಲಿದೆ. ನೂರು ಪದಗಳಲ್ಲಿ ವಿವರಿಸಿದರೆ, ಇಲ್ಲವೇ ಒಂದು ವೆಬ್ ಕೊಂಡಿ ಕೊಟ್ಟರೆ ಮುಗಿಯಿತು. ಸಾವಿರಾರು ಜನ ದುಡಿಯುವ ಜಾಗ ಮುಳುಗಿದರೆ ಏನು ಮಾಡುತ್ತೀರಿ ಎಂಬುದಕ್ಕೆ ನೂರು ಪದ!

ಪೂರೈಕೆದಾರರ ಲೆಕ್ಕವನ್ನೂ ಕೊಡಿ ಎಂದು ಸೆಬಿ 2023ರಲ್ಲಿ ಒಂದು ಹೆಜ್ಜೆ ಮುಂದಿಟ್ಟಿತ್ತು. ಮೊದಲ 250 ಕಂಪನಿಗಳು ಮಾಹಿತಿ ಕೊಡಬೇಕು, ಕೊಡದಿದ್ದರೆ ಕಾರಣ ಹೇಳಬೇಕು ಎಂಬ ನಿಯಮವದು. ಉದ್ಯಮದವರು ಕಷ್ಟ, ಖರ್ಚು ಎಂದರು. 2024ರ ಡಿಸೆಂಬರಿನಲ್ಲಿ ಸೆಬಿ ಹಿಂದೆ ಸರಿಯಿತು. ಮಾಹಿತಿ ಕೊಡುವುದು ಈಗ ಅವರವರ ಇಷ್ಟ. ಅದೂ ಒಟ್ಟು ಖರೀದಿಯಲ್ಲಿ ನೂರಕ್ಕೆ ಎರಡು ಪಾಲು ಇಲ್ಲವೇ ಅದಕ್ಕಿಂತ ಹೆಚ್ಚು ಪೂರೈಸುವವರ ಬಗ್ಗೆ ಮಾತ್ರ. ಟ್ಯಾಂಕರಿನವನು ನೂರಕ್ಕೆ ಎರಡು ಪಾಲು ಎಂದಾದರೂ ಆಗುತ್ತಾನೆಯೇ? ಹೌಸ್‌ಕೀಪಿಂಗ್ ಗುತ್ತಿಗೆದಾರ ಆಗುತ್ತಾನೆಯೇ? ರೂಪಾಯಿಯಲ್ಲಿ ಅವರು ಚಿಕ್ಕವರು. ಒಂದು ದಿನ ಬಾರದಿದ್ದರೆ ಕಟ್ಟಡಕ್ಕೆ ಬೀಗ ಹಾಕಬೇಕಾಗುವುದು ಮಾತ್ರ ಅವರಿಂದಲೇ. ಅಪಾಯವನ್ನು ಬಿಲ್ಲಿನ ಗಾತ್ರದಿಂದ ಅಳೆಯುವ ಈ ಪದ್ಧತಿಯನ್ನು ಒಪ್ಪಿಕೊಂಡ ಲೆಕ್ಕಪರಿಶೋಧಕರಿಗೆ, ನಿರ್ದೇಶಕ ಮಂಡಳಿಗಳಿಗೆ ಇದು ಕಾಣಲಿಲ್ಲವೇ?

ಬಾರದಿದ್ದರೆ ಎಂದೆ. ಮಳೆಯ ದಿನ ಯಾರು ಬರುತ್ತಾರೆ ಎಂಬುದನ್ನು ಗಮನಿಸಿ. ಇಂಜಿನಿಯರಿಗೆ ರಾತ್ರಿಯೇ ಮೆಸೇಜು ಬರುತ್ತದೆ, ನಾಳೆ ಮನೆಯಿಂದಲೇ ಕೆಲಸ. ಬೇಸ್‌ಮೆಂಟಿನ ನೀರು ಬಳಿದು ಹಾಕುವವಳಿಗೆ, ಗೇಟು ಕಾಯುವವನಿಗೆ, ಲಿಫ್ಟಿನ ಗುಂಡಿಯೊಳಗೆ ಇಳಿದು ಪಂಪು ಇಡುವ ಹುಡುಗನಿಗೆ ಆ ಮೆಸೇಜು ಬರುವುದಿಲ್ಲ. ಅವರು ಕಂಪನಿಯ ನೌಕರರಲ್ಲ, ಮ್ಯಾನ್‌ಪವರ್ ಗುತ್ತಿಗೆದಾರನ ತಲೆಗಳು. ತಲೆಗಿಷ್ಟು ದರ, ಅದರ ಮೇಲೆ ಸರ್ವಿಸ್ ಚಾರ್ಜು. ಆ ಚಾರ್ಜನ್ನು ಯಾರು ಕಡಿಮೆ ಹಾಕುತ್ತಾನೋ ಅವನಿಗೆ ಗುತ್ತಿಗೆ. ಬಾರದ ದಿನದ ಸಂಬಳ ಇಲ್ಲ. 2025ರ ಮೇ 19ರ ಬೆಳಗ್ಗೆ, ಇಡೀ ರಾತ್ರಿಯ ಮಳೆಯ ನಂತರ, ಮಹದೇವಪುರದಲ್ಲಿ ಕಂಪನಿಯೊಂದರ ಕಾಂಪೌಂಡ್ ಗೋಡೆ ಕುಸಿದು ಹೌಸ್‌ಕೀಪಿಂಗ್ ಕೆಲಸದ ಹೆಣ್ಣುಮಗಳೊಬ್ಬಳು ಸತ್ತಳು. ಉಳಿದವರು ಇನ್ನೂ ಮನೆಯಲ್ಲಿದ್ದ ಹೊತ್ತು ಅದು. ಆಫೀಸು ತೆರೆಯುವ ಮೊದಲು ಅದನ್ನು ಚೊಕ್ಕ ಮಾಡಿಡುವ ಎಲ್ಲ ಹೆಣ್ಣುಮಕ್ಕಳೂ ರಸ್ತೆಯಲ್ಲಿರುವ ಹೊತ್ತು ಅದೇ. ಈ ನಗರದ ಬಿಸಿಪಿ ಕಡತಗಳಲ್ಲಿ ಸರ್ವರಿಗೆ ಬದಲಿ ಸರ್ವರ್ ಇದೆ, ವಿದ್ಯುತ್ತಿಗೆ ಬದಲಿ ಡೀಸೆಲ್ ಇದೆ. ರಸ್ತೆ ಮುಳುಗಿದ ದಿನ ಈ ಹೆಣ್ಣುಮಕ್ಕಳು ಬರಬೇಕಿಲ್ಲ, ಸಂಬಳ ಕಡಿತವಾಗುವುದಿಲ್ಲ ಎಂಬ ಒಂದು ಸಾಲು ಎಷ್ಟು ಗುತ್ತಿಗೆ ಪತ್ರಗಳಲ್ಲಿದೆ?

ಬಿಲ್ಲು ಪಾವತಿಯ ವಿಚಾರವೂ ಇದರದೇ ಭಾಗ. ಪೀಣ್ಯದ ಸಣ್ಣ ಕಾರ್ಖಾನೆಯವರನ್ನು ಮಾತಾಡಿಸಿ. ಸರಕು ಮುಟ್ಟಿದ 45 ದಿನಗಳೊಳಗೆ ಸಣ್ಣ ಉದ್ದಿಮೆಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಆ ಬಡ್ಡಿ ಕೇಳಿದವನಿಗೆ ಮುಂದಿನ ಆರ್ಡರ್ ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಹೀಗೆ ಉಸಿರು ಬಿಗಿಹಿಡಿದು ಬದುಕುವವನ ಬಳಿ ಜನರೇಟರ್ ಇರುತ್ತದೆಯೇ, ಎತ್ತರದ ಗೋದಾಮು ಇರುತ್ತದೆಯೇ, ಒಂದು ತಿಂಗಳ ಕಚ್ಚಾ ಮಾಲಿನ ದಾಸ್ತಾನು ಇರುತ್ತದೆಯೇ? 2020ರ ಲಾಕ್‌ಡೌನಿನಲ್ಲಿ ಇಂಥವರ ಶೆಡ್ಡುಗಳು ಒಂದೊಂದಾಗಿ ಮುಚ್ಚಿದವು. ಆಮೇಲೆ ದೊಡ್ಡ ಕಂಪನಿಗಳು ಬಿಡಿಭಾಗ ಸಿಗುತ್ತಿಲ್ಲ ಎಂದವು.

ಇಡೀ ಜಗತ್ತಿಗೆ ದಾಸ್ತಾನಿಲ್ಲದ ಉತ್ಪಾದನೆಯನ್ನು ಕಲಿಸಿದ್ದು ಟೊಯೊಟಾ. ನಮ್ಮ ಬಿಡದಿಯಲ್ಲೂ ಅದರ ಕಾರ್ಖಾನೆ ಇದೆ. 2011ರ ಮಾರ್ಚಿನಲ್ಲಿ ಜಪಾನಿನ ಭೂಕಂಪ, ಸುನಾಮಿಗಳಿಂದ ಅದರ ಕಾರ್ಖಾನೆಗಳು ನಿಂತುಹೋದವು. ಎಲ್ಲಿಯೋ ಇದ್ದ ಚಿಪ್ ತಯಾರಕ, ಅವನಿಗೆ ಸರಕು ಕೊಡುವ ಇನ್ನೊಬ್ಬ, ಅವರಿಗೂ ಹಿಂದಿನವರು ನೆಲಕಚ್ಚಿದ್ದರು. ಟೊಯೊಟಾ ಅವತ್ತು ಸರ್ಕಾರಕ್ಕೆ ಪತ್ರ ಬರೆದು ಸುಮ್ಮನಾಗಲಿಲ್ಲ. ಪೂರೈಕೆದಾರರ ಹಿಂದಿನ ಪೂರೈಕೆದಾರರನ್ನೂ ಹುಡುಕಿ ಪಟ್ಟಿ ಮಾಡಿತು. ಚಿಪ್ಪುಗಳನ್ನು ಎರಡರಿಂದ ಆರು ತಿಂಗಳ ಮಟ್ಟಿಗೆ ಕೂಡಿಡುವಂತೆ ಅವರಿಗೆ ಹೇಳಿತು. ದಾಸ್ತಾನು ಎಂದರೆ ದಂಡ ಎಂಬ ತನ್ನದೇ ಸಿದ್ಧಾಂತವನ್ನು ಅಷ್ಟರ ಮಟ್ಟಿಗೆ ಕೈಬಿಟ್ಟಿತು. 2021ರಲ್ಲಿ ಜಗತ್ತಿನ ಕಾರು ಕಾರ್ಖಾನೆಗಳು ಚಿಪ್ಪಿಲ್ಲದೆ ನಿಂತಾಗ ಅದು ಉಳಿದವರಿಗಿಂತ ತಿಂಗಳುಗಟ್ಟಲೆ ಹೆಚ್ಚು ತಾಳಿಕೊಂಡಿತು; ಅದಕ್ಕೂ ಪೆಟ್ಟು ಬಿದ್ದದ್ದು ವರ್ಷದ ಕೊನೆಯ ಭಾಗದಲ್ಲಿ. ತಾಳಿಕೊಳ್ಳುವ ಶಕ್ತಿಯನ್ನು ಖರೀದಿಯಲ್ಲೇ ಕಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ಅಲ್ಲಿನ ಐಟಿ ಕಂಪನಿಗಳು ಸಿಬ್ಬಂದಿಯನ್ನು ಬೇರೆ ಊರುಗಳಿಗೆ, ಬೆಂಗಳೂರಿಗೂ ಸಾಗಿಸಿ ಕೆಲಸ ಮುಂದುವರಿಸಿದವು. 2019ರ ಜೂನಿನಲ್ಲಿ ಅದೇ ಚೆನ್ನೈನ ಕೆರೆಗಳು ಬತ್ತಿ, ನೀರಿಲ್ಲದೆ ಮನೆಯಿಂದಲೇ ಕೆಲಸ ಮಾಡಿ ಎಂದವು. ಆ ಪಾಠ ಇಲ್ಲಿಯವರ ಕಿವಿಗೆ ಬೀಳಲೇ ಇಲ್ಲ. ಅನಾಹುತ ಬಂದರೆ ಇನ್ನೊಂದು ಊರಿಗೆ ಜಿಗಿಯುವುದೇ ಯೋಜನೆಯಾದರೆ, ಜಿಗಿಯುವ ಊರುಗಳೂ ಒಂದೊಂದಾಗಿ ಮುಳುಗುವಾಗ ಏನು ಮಾಡುತ್ತಾರೆ? ಜಿಗಿಯಲಾಗದೆ ಇಲ್ಲೇ ಉಳಿಯುವ ಊರಿನ ಜನಕ್ಕೆ ಯಾವ ಯೋಜನೆ?

ನಾವು ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸ, ಮಾಡುತ್ತೇವಲ್ಲ, ಕೆರೆ ಹೂಳೆತ್ತಿಸಿದ್ದೇವಲ್ಲ ಎನ್ನುವವರಿದ್ದಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಸರಾಸರಿ ಲಾಭದ ನೂರಕ್ಕೆ ಎರಡು ಪಾಲು ಅದಕ್ಕೆ ಹೋಗುತ್ತದೆ. ಒಂದೊಂದು ಕೆರೆಯ ಏರಿಯ ಮೇಲೆ ಕಂಪನಿಯ ಹೆಸರಿನ ಫಲಕವೂ ನಿಂತಿರುತ್ತದೆ. ಲಾಭದ ಎರಡು ಪಾಲಿನಲ್ಲಿ ಕೆರೆ ತುಂಬಿಸಿ, ಖರೀದಿಯ ನೂರು ಪಾಲಿನಲ್ಲಿ ಅದೇ ಕೆರೆಯ ಅಂತರ್ಜಲವನ್ನು ಎಳೆದು, ಅದರ ಕಾಲುವೆಯ ಮೇಲೆ ಬಾಡಿಗೆ ಕೊಟ್ಟು ಕೂರುವುದು ಬುಡಕ್ಕೆ ಕೊಡಲಿ ಹಾಕಿ ಎಲೆಗೆ ನೀರು ಚಿಮುಕಿಸುವ ಕೆಲಸ. ಖರೀದಿ ಸರಿಯಾದರೆ ಅರ್ಧ ಸಿಎಸ್‌ಆರ್ ಬೇಕಾಗುವುದಿಲ್ಲ.

ಖರ್ಚು ಹೆಚ್ಚುತ್ತದೆ, ಷೇರುದಾರರಿಗೆ ಏನು ಹೇಳುವುದು ಎನ್ನುತ್ತಾರೆ. ಆ 225 ಕೋಟಿಯ ಲೆಕ್ಕ ಕೊಟ್ಟವರು ನೀವೇ. ಒಂದು ದಿನಕ್ಕೆ ಅಷ್ಟು ಕಳೆದುಕೊಂಡೆವು ಎಂದವರು, ಆ ದಿನ ಬಾರದಂತೆ ನೋಡಿಕೊಳ್ಳಲು ಲೋಡಿಗೆ ನೂರು ರೂಪಾಯಿ ಹೆಚ್ಚು ಕೊಡಲಾರೆವು ಎನ್ನುವುದು ಯಾವ ಗಣಿತ? ಷೇರುದಾರರಿಗೆ ಹೇಳಬೇಕಾದದ್ದು ಇದನ್ನೇ.

ಆದ್ದರಿಂದ ಈಗ ಆಗಬೇಕಾದದ್ದನ್ನು ಸ್ಪಷ್ಟವಾಗಿ ಕೇಳುತ್ತೇನೆ. ಹೊರವರ್ತುಲ ರಸ್ತೆಯ 17 ಕಿಲೋಮೀಟರಿನಲ್ಲಿ ಸುಮಾರು 500 ಕಂಪನಿಗಳಿವೆ. ಪತ್ರ ಬರೆಯಲು ಒಂದಾದವರು ಖರೀದಿಯ ಷರತ್ತು ಬರೆಯಲು ಒಂದಾಗಲಿ. ಗ್ರಾಮನಕ್ಷೆ ಲಗತ್ತಿಸದ, ಕಾಲುವೆ ಮತ್ತು ಕೆರೆಯ ಮೇರೆಯನ್ನು ಸರ್ವೆಯರ್ ಗುರುತಿಸಿ ಕೊಡದ ಯಾವ ಕಟ್ಟಡದ ಬಾಡಿಗೆ ಕರಾರನ್ನೂ ಹೊಸದಾಗಿ ಮಾಡಬೇಡಿ, ಹಳೆಯದನ್ನು ನವೀಕರಿಸಬೇಡಿ. ಈಗಾಗಲೇ ಕಾಲುವೆಯ ಮೇಲೆ ಕೂತಿದ್ದರೆ ಜಾಗ ಬಿಡಿಸಿಕೊಡುವಂತೆ ಮಾಲೀಕನ ಮೇಲೆ ಒತ್ತಾಯ ಹೇರಿ. ಬಾಡಿಗೆ ಕೊಡುವವರು ನೀವು, ನಿಮ್ಮ ಮಾತು ಅವನಿಗೆ ಬುಲ್ಡೋಜರಿಗಿಂತ ಬೇಗ ಕೇಳಿಸುತ್ತದೆ. ಟ್ಯಾಂಕರಿನ ಚಲನ್ನಿನಲ್ಲಿ ಕೊಳವೆಬಾವಿಯ ನೋಂದಣಿ ಸಂಖ್ಯೆ ಮತ್ತು ಊರಿನ ಹೆಸರು ಇಲ್ಲದಿದ್ದರೆ ಗೇಟಿನೊಳಗೆ ಬಿಡಬೇಡಿ. ಶೌಚಾಲಯಕ್ಕೆ, ಕೂಲಿಂಗ್ ಟವರಿಗೆ, ತೋಟಕ್ಕೆ ಟ್ಯಾಂಕರಿನ ಸಿಹಿನೀರನ್ನು ಪೂರ್ತಿ ನಿಲ್ಲಿಸಿ, ಸಂಸ್ಕರಿಸಿದ ನೀರಿಗೆ ದೀರ್ಘಾವಧಿಯ ಕರಾರು ಮಾಡಿಕೊಳ್ಳಿ. ಜಲಮಂಡಳಿ ಚೆನ್ನಾಗಿ ಶುದ್ಧ ಮಾಡಿ ಕೊಡಲು ಬೇಕಾದ ಬಂಡವಾಳಕ್ಕೆ ಆ ಕರಾರೇ ಆಧಾರವಾಗುತ್ತದೆ. ಮಳೆನೀರಿನ ತೊಟ್ಟಿಗೆ ಮೀಟರ್ ಹಾಕಿ, ಎಷ್ಟು ಹಿಡಿದಿರಿ ಎಂಬ ಲೆಕ್ಕವನ್ನು ತಿಂಗಳು ತಿಂಗಳು ಗೇಟಿನ ಹೊರಗೆ, ಹಾದಿಹೋಕರಿಗೆ ಕಾಣುವಂತೆ ಹಾಕಿ.

ಹೌಸ್‌ಕೀಪಿಂಗ್, ಸೆಕ್ಯುರಿಟಿ ಗುತ್ತಿಗೆಗಳಿಂದ ಎಲ್-1 ಅನ್ನು ಕಿತ್ತುಹಾಕಿ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನ ನಿಮ್ಮ ನೌಕರರಿಗೆ ಇರುವ ರಜೆ, ಸಂಬಳ, ವಿಮೆ ಅವರಿಗೂ ಸಿಗುತ್ತದೆ ಎಂಬುದು ಆ ಕರಾರಿನ ಮೊದಲ ಷರತ್ತಾಗಲಿ. ಸಣ್ಣ ಪೂರೈಕೆದಾರನ ಹಣವನ್ನು 45 ದಿನ ಕಾಯಿಸದೆ ಕೊಡಿ. ಅವನ ಬಳಿ ದಾಸ್ತಾನು, ಜನರೇಟರ್, ಎತ್ತರದ ಜಾಗ ಇದೆಯೇ ನೋಡಿ, ಇಲ್ಲದಿದ್ದರೆ ಅದನ್ನು ಕಟ್ಟಿಕೊಳ್ಳಲು ಮುಂಗಡ ಕೊಡಿ. ತಾನು ಕೈಬಿಟ್ಟ ಪೂರೈಕೆದಾರರ ಲೆಕ್ಕವನ್ನು ಸೆಬಿ ಕಡ್ಡಾಯ ಮಾಡಲಿ; ನೂರಕ್ಕೆ ಎರಡು ಎಂಬ ಗೆರೆಯನ್ನು ಅಳಿಸಿ, ಯಾರು ನಿಂತರೆ ಕಟ್ಟಡ ನಿಲ್ಲುತ್ತದೋ ಅವರೆಲ್ಲರ ಲೆಕ್ಕ ಕೇಳಲಿ. ಈ ಕಂಪನಿಗಳಲ್ಲಿ ದುಡಿಯುವ ಕನ್ನಡದ ಹುಡುಗ ಹುಡುಗಿಯರೂ ಮುಂದಿನ ಟೌನ್‌ಹಾಲ್ ಸಭೆಯಲ್ಲಿ ಬೋನಸ್ಸಿನ ಪ್ರಶ್ನೆಗೆ ಮುಂಚೆ ಒಂದು ಪ್ರಶ್ನೆ ಕೇಳಲಿ: ನಮ್ಮ ಸಂಪಿಗೆ ಬೀಳುವ ನೀರು ಯಾವ ಊರಿನದು? ಅದರ ಉತ್ತರ ಸಿಗುವವರೆಗೂ ಬಿಡದೆ ಕೇಳಲಿ. ಬರುವ ಮಳೆಗಾಲಕ್ಕೆ ಮೊದಲೇ ಈ ವರ್ಷದ ರೇಟ್ ಕಾಂಟ್ರಾಕ್ಟುಗಳು ನವೀಕರಣಕ್ಕೆ ಬರುತ್ತವೆ. ಷರತ್ತುಗಳನ್ನು ಬದಲಿಸಬೇಕಾದದ್ದು ಆ ಟೇಬಲ್ಲಿನ ಮೇಲೆ, ಆ ಸಹಿ ಬೀಳುವ ಮೊದಲು.